ಸ್ಥೈರ್ಯ ಸರಬರಾಜು ಇಲಾಖೆ

ತುಬಚಿ ಅಂದರೆ ವಿಧಾನಸೌಧಕ್ಕೆ ನೆನಪಾಗುವುದು ಏತ ನೀರಾವರಿ. ಕೃಷ್ಣೆಯ ನೀರನ್ನು ಜಮಖಂಡಿ ತಾಲೂಕಿನಿಂದ ಎತ್ತಿ ಬಬಲೇಶ್ವರದ ಕಡೆಯ ಹೊಲಗಳಿಗೆ ಮುಟ್ಟಿಸಲು ಪಂಪು, ಪೈಪು, ಕರೆಂಟು, ಕೋಟಿಗಟ್ಟಲೆ ರೂಪಾಯಿ ಎಲ್ಲ ಬೇಕಾಯಿತು. ಹೊಸ ಬದಲಾವಣೆ ಸಾರುವ ಬೆಂಗಳೂರಿನ ಸುತ್ತೋಲೆ ಅದೇ ತಾಲೂಕಿನ ಆರೋಗ್ಯ ಉಪಕೇಂದ್ರದ ಸಿಸ್ಟರಿಗೆ ಮುಟ್ಟಲು ಇದ್ಯಾವುದೂ ಬೇಡ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿನಲ್ಲಿ ಬೀಳುತ್ತದೆ, ಬೆಳಿಗ್ಗೆ ಹತ್ತಕ್ಕೆ ವರದಿ ಕೇಳುತ್ತದೆ. ಎರಡು ನೀಲಿ ಟಿಕ್ಕು ಬಿದ್ದವೋ, ಬದಲಾವಣೆಯ ಸಂವಹನ ಮುಗಿದಂತೆ.

ಬದಲಾವಣೆಯೇ ಆಗಿಲ್ಲ ಎಂದು ಮಾತ್ರ ದೂರಬೇಡಿ. ಬೇಕಾದರೆ ಬೋರ್ಡು ಬರೆಯುವವರನ್ನು ಕೇಳಿ. 2018ರ ಆಯುಷ್ಮಾನ್ ಭಾರತದ ನಂತರ ಉಪಕೇಂದ್ರಗಳು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾದವು. ಬಣ್ಣ ಮಾಸುವ ಮೊದಲೇ, 2023ರಲ್ಲಿ, ಅವನ್ನು ಆಯುಷ್ಮಾನ್ ಆರೋಗ್ಯ ಮಂದಿರ ಎನ್ನಬೇಕೆಂದು ದಿಲ್ಲಿಯಿಂದ ಅಪ್ಪಣೆಯಾಯಿತು. ಒಳಗಿದ್ದವರೂ ಬಡ್ತಿಯಿಲ್ಲದೆ ದೊಡ್ಡವರಾದರು. ಎಎನ್‌ಎಂ ಎಂದಿದ್ದವರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಆಸ್ಪತ್ರೆಯ ಸ್ಟಾಫ್ ನರ್ಸ್ ಈಗ ಶುಶ್ರೂಷಾಧಿಕಾರಿ. ಲಸಿಕೆಯ ಡಬ್ಬಿಯನ್ನು ಸ್ಕೂಟಿಯ ಮುಂದಿಟ್ಟುಕೊಂಡು ಕಬ್ಬಿನ ಹೊಲದ ಕೆಸರಲ್ಲಿ ತಳ್ಳಿಕೊಂಡು ಹೋಗುವ ಅಧಿಕಾರಿಯನ್ನು ಬೇರೆ ಯಾವ ಇಲಾಖೆಯಲ್ಲಿ ಕಂಡೀರಿ? ಜೊತೆಗೆ ಸಮುದಾಯ ಆರೋಗ್ಯಾಧಿಕಾರಿಯೂ ಬಂದರು, ಗುತ್ತಿಗೆಯ ಮೇಲೆ. ಅಧಿಕಾರಿಯೆಂಬ ಪದ ಕಾಯಂ, ನೌಕರಿ ಮಾತ್ರ ಅಲ್ಲ.

ಬಯಲು ಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನ ಎಂಬುದು ಲೆಕ್ಕ. ಮೊದಲು ಬಸುರಿ, ಬಾಣಂತಿ, ಕೂಸು ಅಂತಿದ್ದ ಕೆಲಸಕ್ಕೆ ಈಗ ಬಿಪಿ, ಶುಗರ್, ಮೂರು ಬಗೆಯ ಕ್ಯಾನ್ಸರ್ ತಪಾಸಣೆ ಸೇರಿ ಒಟ್ಟು 12 ಬಗೆಯ ಸೇವೆ. ಕಾರ್ಖಾನೆಯ ಹಂಗಾಮು ಶುರುವಾದರೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಅವರ ಗುಡಿಸಲಲ್ಲಿ ತಾಯಿ ಕಾರ್ಡಿಲ್ಲದ ಬಸುರಿ ಇರುತ್ತಾಳೆ, ಆ 5,000ದಲ್ಲಿ ಅವಳ ಹೆಸರಿಲ್ಲ, ಹೆರಿಗೆಗೆ ದಿನ ತುಂಬಿರುತ್ತದೆ. ಇನ್ನು ಆಪ್ ಬಂದರೆ ರಿಜಿಸ್ಟರು ಹೋಗುತ್ತದೆ ಎಂದಿದ್ದರು. ಆಪ್ ಬಂತು.

ಇಷ್ಟಾದ ಮೇಲೆ ಸಿಸ್ಟರು ಸುಸ್ತಾದರೆ, ಇಲಾಖೆಯ ರೋಗನಿರ್ಣಯ ಒಂದೇ: ಮನಸ್ಥೈರ್ಯದ ಕೊರತೆ. ಚಿಕಿತ್ಸೆ ಅಗ್ಗದ್ದು. ಖಾಲಿ ಹುದ್ದೆ ತುಂಬಲು ಹಣಕಾಸು ಇಲಾಖೆ ಒಪ್ಪಬೇಕು, ಸ್ಥೈರ್ಯ ತುಂಬುವ ತರಬೇತಿಗೆ ಒಂದು ಪ್ರೊಜೆಕ್ಟರ್ ಸಾಕು.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲೂಕಿನ ನದಿದಂಡೆಯ ಊರುಗಳು ನೀರಲ್ಲಿ ನಿಂತಾಗ ಸ್ಥೈರ್ಯದ ಸ್ಲೈಡು ತೋರಿಸಲು ಯಾರೂ ಬಂದ ಸುದ್ದಿಯಿಲ್ಲ. ಇನ್ನು ಸಂವಹನದ ಪಾಠವನ್ನಂತೂ ಕೇಳಲೇಬೇಡಿ. ಮೊದಲ ಹಾಲು ಕೂಸಿಗೆ ಕೇಡೆಂದು ಹಿಂಡಿ ಚೆಲ್ಲುವ ಮನೆಯ ಹೊಸ್ತಿಲಲ್ಲಿ ಕೂತು, "ಆಯೀ, ಕರುವಿಗೆ ಗಿಣ್ಣದ ಹಾಲು ಬಿಡತೀರಿ, ಮೊಮ್ಮಗಗ ಯಾಕ ಚೆಲ್ಲತೀರಿ?" ಎಂದು ಕೇಳಿ, ಮುದುಕಿಯ ಬಾಯಿಂದಲೇ "ಹೌದಲ್ಲs ಯವ್ವಾ" ಅನ್ನಿಸುವವಳು ಸಿಸ್ಟರು. ಇಡೀ ಊರಿನ ರೂಢಿಯನ್ನು ಒಂದು ಮಾತಿನಲ್ಲಿ ತಿರುಗಿಸಬಲ್ಲವಳಿಗೆ ಬದಲಾವಣೆಯನ್ನು ಹೇಗೆ ತಿಳಿಸಬೇಕೆಂದು ಕಲಿಸಲು, ಅವಳ ಮಾತನ್ನು ಒಮ್ಮೆಯೂ ಕೇಳದವರು ಬರುತ್ತಾರೆ!

ಪ್ರತಿ ಮೇ 12ಕ್ಕೆ, ನರ್ಸುಗಳ ದಿನದಂದು, ಮೇಣದಬತ್ತಿ ಹಚ್ಚಿ ಫ್ಲಾರೆನ್ಸ್ ನೈಟಿಂಗೇಲ್‌ಗೆ ಕೈಮುಗಿಯುತ್ತೇವಲ್ಲ, ಆಕೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದದ್ದು 1854ರಲ್ಲಿ. ಅಲ್ಲಿ ಸಾವು ಗಣನೀಯವಾಗಿ ಇಳಿದದ್ದು ಮರುವರ್ಷ ನೈರ್ಮಲ್ಯ ಆಯೋಗ ಬಂದು ಚರಂಡಿ ತೊಳೆಸಿದ ಮೇಲೆ. ಊರಿಗೆ ಮರಳಿದವಳು ಸುಮ್ಮನೆ ಕೂರಲಿಲ್ಲ. ಸತ್ತ ಸೈನಿಕರ ಅಂಕಿಅಂಶವನ್ನು ಬಣ್ಣದ ಚಿತ್ರ ಮಾಡಿ ಸರ್ಕಾರದ ಮುಖಕ್ಕೆ ಹಿಡಿದಳು. ನಾವು ಆಕೆಯ ದೀಪವನ್ನಷ್ಟೇ ಇಟ್ಟುಕೊಂಡೆವು. ಅಂಕಿಅಂಶ ಹಿಡಿದ ನರ್ಸು ವೇದಿಕೆ ಹತ್ತಿದರೆ ಮುಖ್ಯ ಅತಿಥಿಗೆ ಹಾರ ಹಾಕುವವರ ಕೈ ನಡುಗೀತು. 2020 ವಿಶ್ವ ಆರೋಗ್ಯ ಸಂಸ್ಥೆ ಸಾರಿದ ನರ್ಸ್ ಮತ್ತು ಸೂಲಗಿತ್ತಿಯರ ವರ್ಷ. ಆ ವರ್ಷ ಕೊರೊನಾ ಬಂದಾಗ ನಾವು ಚಪ್ಪಾಳೆ ತಟ್ಟಿದೆವು, ಮೇ 3ಕ್ಕೆ ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿಸಿದೆವು. ಹೂವಿಗೆ ಹಣಕಾಸು ಇಲಾಖೆ ತಕರಾರು ಮಾಡಿದಂತಿಲ್ಲ.

ಖಾಸಗಿಯವರ ಕತೆ ಚಿಕ್ಕದು. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ನೇಮಿಸಿದ ಸಮಿತಿ, 50 ಹಾಸಿಗೆಗಿಂತ ಸಣ್ಣ ಆಸ್ಪತ್ರೆಯ ನರ್ಸಿಗೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಎಂದಿತು. ನಿಮ್ಮೂರಿನ ನರ್ಸಿಂಗ್ ಹೋಮಿನ ಸಿಸ್ಟರನ್ನು ಈ ಬಗ್ಗೆ ಕೇಳಿ ನೋಡಿ. ಅವರು ನಕ್ಕರೆ ಅದನ್ನೂ ಸ್ಥೈರ್ಯ ಎಂದು ಬರೆದುಕೊಳ್ಳಬಹುದು.

ಇದೇ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸರ್ಕಾರಕ್ಕೆ ಕಾದು ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮದೇ ದುಡ್ಡು, ತಮ್ಮದೇ ರಟ್ಟೆ ಹಾಕಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿಕೊಂಡರು. ಎರಡು ವರ್ಷಕ್ಕೆ ಅದೇ ನ್ಯಾಮಗೌಡರು ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ಪುಣ್ಯಕ್ಕೆ ಆಗ ಯಾರಿಗೂ "ನೀರಡಿಕೆಯೊಂದಿಗೆ ಸಮಾಧಾನದ ಬದುಕು" ಎಂಬ ಕಾರ್ಯಾಗಾರ ನಡೆಸುವುದು ಹೊಳೆದಿರಲಿಲ್ಲ. ಹೊಳೆದಿದ್ದರೆ ರೈತರು ಒಂದು ಪ್ರಮಾಣಪತ್ರ, ಒಂದು ಪ್ಲಾಸ್ಟಿಕ್ ಫೈಲು ಹಿಡಿದು ಮನೆಗೆ ಹೋಗುತ್ತಿದ್ದರು.

ಈಗಿನ ತರಬೇತಿಯೊಂದನ್ನು ಊಹಿಸಿಕೊಳ್ಳಿ. ತಾಲೂಕು ಕೇಂದ್ರದ ಸಭಾಂಗಣ, ಬೆಳಗಿನ ಉಪ್ಪಿಟ್ಟು ಮುಗಿದಿದೆ. ಬೆಂಗಳೂರಿನಿಂದ ಬಂದವರು ನಲವತ್ತನೇ ಸ್ಲೈಡಿನಲ್ಲಿದ್ದಾರೆ: ಸಮಸ್ಯೆಯನ್ನು ಅವಕಾಶವೆಂದು ನೋಡಿ. ಹಿಂದಿನ ಸಾಲಿನಿಂದ ಒಬ್ಬ ಸಿಸ್ಟರು ಎದ್ದು ನಿಲ್ಲುತ್ತಾರೆ.

"ಸರ್, ನಮ್ಮ ಬಾಜೂ ಊರಾಗ ಹುದ್ದೆ ಖಾಲಿ ಐತ್ರಿ. ಆ ಊರೂ ನಾನs ನೋಡಾಕತ್ತೀನಿ. ಅದನ್ನ ಯಾವಾಗ ತುಂಬತೀರಿ?"

"ಒಳ್ಳೇ ಪ್ರಶ್ನೆ. ಈಗ ಎಲ್ಲರೂ ಕಣ್ಣು ಮುಚ್ಚಿಕೊಂಡು ಉಸಿರು ಎಳೆದುಕೊಳ್ಳಿ."