ಮುಕ್ಕಾಲು ಡಾಲರ್ ಮೀಮಾಂಸೆ

ಕಂಪ್ಯೂಟರಿಗೆ ಕನ್ನ ಬಿದ್ದಿದೆಯೆಂದು ತಿಳಿಯುವುದು ಹೇಗೆ? ಈ ವಿಷಯದಲ್ಲಿ ಶಾಸ್ತ್ರಕಾರರದು ಎರಡು ಪಂಥ. ಪರದೆಯ ಮೇಲೆ ತಲೆಬುರುಡೆ ಮೂಡಿದಾಗ ಎನ್ನುವವರು ಸಿನಿಮಾ ಪಂಥೀಯರು. ಲೆಕ್ಕ ತಾಳೆಯಾಗದಾಗ ಎನ್ನುವವರು ಶಾನುಭೋಗ ಪಂಥೀಯರು. ಪ್ರಸ್ತುತ ಪ್ರಬಂಧಕಾರನು ಎರಡನೆಯದರಲ್ಲಿ ದೀಕ್ಷೆ ಪಡೆದವನು. ಆ ಪಂಥದ ಮೂಲಪುರುಷ ಕ್ಲಿಫರ್ಡ್ ಸ್ಟಾಲ್.

ಈತ ಖಗೋಳ ವಿಜ್ಞಾನಿ. ಅನುದಾನ ಮುಗಿದು, 1986ರಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಕಾಯುವ ಕೆಲಸಕ್ಕೆ ಬಂದು ಬಿದ್ದ. ಅಲ್ಲಿ ಬಳಸಿದ ಹೊತ್ತಿಗೆ ಬಾಡಿಗೆ. ಬಾಡಿಗೆ ಲೆಕ್ಕ ಹಾಕಲು ಎರಡು ಪ್ರೋಗ್ರಾಂ. ಎರಡರ ನಡುವೆ 75 ಸೆಂಟ್ ವ್ಯತ್ಯಾಸ. ನಮ್ಮಲ್ಲಾದರೆ 'ರೌಂಡ್ ಆಫ್ ಮಾಡಿ ಸಾರ್' ಎಂದು ಕಾಫಿಗೆ ಏಳುತ್ತಿದ್ದರು. ಸ್ಟಾಲ್ ಹೊಸಬ, ಏಳುವ ಧೈರ್ಯ ಸಾಲಲಿಲ್ಲ. ಕೆದಕಿದಾಗ 'ಹಂಟರ್' ಎಂಬ ಗಿರಾಕಿ ಸಿಕ್ಕ. ಅವನಿಗೆ ಬಿಲ್ಲು ಕಳಿಸಲು ವಿಳಾಸವೇ ಇರಲಿಲ್ಲ.

ವಿಳಾಸವಿಲ್ಲದವನ ಹೆಜ್ಜೆ ಹಿಡಿಯುವ ವಿಧಿ: ಸಹೋದ್ಯೋಗಿಗಳು ವಾರಾಂತ್ಯಕ್ಕೆ ಮನೆಗೆ ಹೋದ ಮೇಲೆ ಅವರ ಪ್ರಿಂಟರು, ಟರ್ಮಿನಲ್ಲುಗಳನ್ನು ಹೊತ್ತು ತಂದು, ಹೊರಗಿನಿಂದ ಬರುವ ಐವತ್ತು ತಂತಿಗಳಿಗೂ ಒಂದೊಂದು ಕಟ್ಟಿ, ಮಧ್ಯೆ ನೆಲದ ಮೇಲೆ ಮಲಗತಕ್ಕದ್ದು. ಕಳ್ಳನನ್ನು ಹಿಡಿಯಲು ಕಳ್ಳತನ ಸಲ್ಲುವುದೇ? ಎರವಲು ಎಂದರೆ ಸಲ್ಲುತ್ತದೆ. ಬೆಳಗ್ಗೆ ಒಂದು ಪ್ರಿಂಟರು 80 ಅಡಿ ಕಾಗದ ಕಕ್ಕಿ ನಿಂತಿತ್ತು. ಇಲ್ಲಿರುವುದೇ ಶಾಸ್ತ್ರದ ಜೀವಾಳ: ಕನ್ನ ಬಿದ್ದ ಯಂತ್ರವನ್ನೇ ಸಾಕ್ಷಿ ಕೇಳಬಾರದು. ಅದರೊಳಗಿನ ದಾಖಲೆಯನ್ನು ಕಳ್ಳ ತಿದ್ದಬಲ್ಲ, ಅದರ ಅಂಚೆಯನ್ನು ಓದಬಲ್ಲ. ಪಕ್ಕದ ಕೋಣೆಯ ಕಾಗದ ಅವನ ಕೈಗೆ ಎಟುಕದು. ಸ್ಟಾಲ್ ಟಿಪ್ಪಣಿಯನ್ನೂ ನೋಟ್‌ಬುಕ್ಕಿನಲ್ಲೇ ಬರೆದ.

ಕಾಗದ ಹೇಳಿದ್ದಿಷ್ಟು. ಯಂತ್ರ ಐದು ನಿಮಿಷಕ್ಕೊಮ್ಮೆ ತಪ್ಪದೆ ಓಡಿಸುವ ಒಂದು ಪ್ರೋಗ್ರಾಂ ಇತ್ತು. ಇಮ್ಯಾಕ್ಸ್ ಎಂಬ ತಂತ್ರಾಂಶದ ಅಂಚೆ ಸಾಗಿಸುವ ಭಾಗದಲ್ಲಿದ್ದ ದೋಷ ಹಿಡಿದು, ಆಗಂತುಕ ಆ ಪ್ರೋಗ್ರಾಮಿನ ಜಾಗದಲ್ಲಿ ತನ್ನದನ್ನಿಟ್ಟ. ಯಂತ್ರ ಅದಕ್ಕೆ ಕಾವು ಕೊಟ್ಟು, ಯಜಮಾನಿಕೆಯನ್ನೂ ಕೊಟ್ಟಿತು. ಕಾಗೆ ಕೋಗಿಲೆಗೆ ಮಾಡುವ ಉಪಚಾರವೇ ಇದು. ಸ್ಟಾಲ್ 1989ರ ತನ್ನ ಪುಸ್ತಕಕ್ಕೆ ಕೋಗಿಲೆಯ ಮೊಟ್ಟೆಯೆಂದೇ ಹೆಸರಿಟ್ಟ.

ಪೂರ್ವಪಕ್ಷ: ಕಳ್ಳ ಒಳಗಿನವನೇ, ಬರ್ಕ್ಲಿಯ ತುಂಟ ವಿದ್ಯಾರ್ಥಿಯೇ ಇರಬೇಕು. ಉತ್ತರಪಕ್ಷ: ಅಲ್ಲ, ಭಾಷೆಯೇ ಬೇರೆ. ಓಡುತ್ತಿರುವ ಕೆಲಸಗಳ ಪಟ್ಟಿ ಕೇಳುವಾಗ ಅವನು 'ಎಫ್' ಎಂಬ ಅಕ್ಷರ ಸೇರಿಸುತ್ತಿದ್ದ. ಯಂತ್ರ ನಡೆಸುವ ಯುನಿಕ್ಸ್ ತಂತ್ರಾಂಶದ ಬರ್ಕ್ಲಿ ಪಾಠದಲ್ಲಿ ಆ ಅಕ್ಷರಕ್ಕೆ ಕೆಲಸವಿರಲಿಲ್ಲ. ಅದು ಎಟಿ ಅಂಡ್ ಟಿ ಯುನಿಕ್ಸಿನವರ ರೂಢಿ. ಮೈಸೂರಿನ ಮದುವೆಮನೆಯಲ್ಲಿ 'ಊಟ ಆತೇನ್ರಿ' ಎಂದವನ ಊರು ಕೇಳಬೇಕೆ? (ಭಾಷಾವಿಜ್ಞಾನ ಓದಿ ಕೆಲಸ ಸಿಗದವರು ಈ ಪ್ಯಾರಾವನ್ನು ಕತ್ತರಿಸಿಟ್ಟುಕೊಳ್ಳಬಹುದು.)

ಎಫ್‌ಬಿಐ ನಷ್ಟವೆಷ್ಟೆಂದು ಕೇಳಿತು. 75 ಸೆಂಟ್ ಎಂದೊಡನೆ ಆಸಕ್ತಿ ಕಳೆದುಕೊಂಡಿತು. ಕಳ್ಳ ಮಾತ್ರ ಪ್ರಯೋಗಾಲಯದ ಯಂತ್ರ ಹತ್ತಿ ಸೈನ್ಯದ ಕಂಪ್ಯೂಟರುಗಳ ಕದ ತಟ್ಟುತ್ತಲೇ ಇದ್ದ. ಮಹತ್ವದ್ದಕ್ಕೆ ಕೈಹಾಕಿದಾಗ ಸ್ಟಾಲ್ ಬೀಗದ ಕೈ ಗೊಂಚಲನ್ನು ತಂತಿಗೆ ತಾಗಿಸಿ ಕುಲುಕುತ್ತಿದ್ದ. ಅತ್ತ ಕಳ್ಳ, ಲೈನು ಸರಿಯಿಲ್ಲವೆಂದು ಬೈದುಕೊಳ್ಳುತ್ತಿದ್ದಿರಬೇಕು. ಬೀಗದ ಕೈಯಿಂದ ಬಾಗಿಲು ಹಾಕದೆ ಕಳ್ಳನನ್ನು ತಡೆದ ಉದಾಹರಣೆ ಚೋರಶಾಸ್ತ್ರದಲ್ಲಿ ಬೇರೆ ಕಾಣದು.

ಫೋನ್ ಜಾಡು ಹಿಡಿಯಲು ಕಳ್ಳ ಲೈನಿನಲ್ಲಿ ತುಸು ಹೊತ್ತು ಕೂರಬೇಕಲ್ಲ. ಸ್ಟಾಲ್ ಮತ್ತು ಗೆಳತಿ ಸ್ನಾನ ಮಾಡುತ್ತಿದ್ದಾಗ ಉಪಾಯ ಹೊಳೆಯಿತು: ಅಂತರಿಕ್ಷ ರಕ್ಷಣಾ ಯೋಜನೆಯ ಹೆಸರಲ್ಲಿ ಸುಳ್ಳು ಕಡತಗಳ ರಾಶಿ. ಕಳ್ಳ ಹಬ್ಬದೂಟಕ್ಕೆ ಕೂತಂತೆ ಕೂತ. ತಂತಿಯ ಆ ತುದಿ ಜರ್ಮನಿಯ ಹ್ಯಾನೋವರ್. ಹೆಸರು ಮಾರ್ಕುಸ್ ಹೆಸ್. ಕದ್ದ ಸರಕು ಮಾರಾಟವಾಗುತ್ತಿದ್ದುದು ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಗೆ. 1990ರಲ್ಲಿ ನ್ಯಾಯಾಲಯ ಅಪರಾಧಿಯೆಂದಿತು, ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು.

ಒಳಗಿನವನೋ ಹೊರಗಿನವನೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ ಸ್ಟಾಲ್ ಆಮೇಲೆ ಗಾಜಿನ ಸೀಸೆಗಳ ವ್ಯಾಪಾರ ಶುರುಮಾಡಿದ. ಕ್ಲೈನ್ ಸೀಸೆ ಎಂದು ಹೆಸರು. ಅದಕ್ಕೆ ಒಳಗು ಹೊರಗು ಎಂಬುದಿಲ್ಲ.