ನಾಲ್ಕು ಮನೆಯ ಚಾರ್ಟು

ನಾಯಕನಾಗುವುದಕ್ಕೆ ನನಗೆ ಎರಡು ದಿನ ಹಿಡಿಯಿತು, ಊಟ-ಚಹಾ ಸೇರಿ. ತರಬೇತಿ ನಡೆದದ್ದು ಬೆಳಗಾವಿಯ ಟಿಳಕವಾಡಿಯಲ್ಲಿ. ಗಾಂಧೀಜಿ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದದ್ದು ಒಂದೇ ಸಲ, 1924ರ ಡಿಸೆಂಬರಿನಲ್ಲಿ, ಅದೂ ನಮ್ಮ ಬೆಳಗಾವಿಯಲ್ಲಿ. ಆಗ ತೋಡಿದ ಕಾಂಗ್ರೆಸ್ ಬಾವಿಯ ಕಡೆ ಊಟದ ಬಿಡುವಿನಲ್ಲಿ ಒಂದು ಸುತ್ತು ಹಾಕಿಬಂದೆ. ನಾಯಕತ್ವ ಅಲ್ಲಿಯ ಗಾಳಿಯಲ್ಲೇ ತಾಗಿತು ಅನಿಸಿತು.

ತರಬೇತುದಾರ ಕೊರಳಪಟ್ಟಿಗೆ ಮೈಕು ಸಿಕ್ಕಿಸಿಕೊಂಡು ನಮ್ಮಿಂದಲೇ ನಮಗೆ ಚಪ್ಪಾಳೆ ಹೊಡೆಸಿದ. ಇಡೀ ಜನ್ಮದಲ್ಲಿ ಒಂದು ಪಡಿತರ ಅರ್ಜಿ ವಿಲೇವಾರಿ ಮಾಡಿದ ಮುಖ ಅದಲ್ಲ. ಇರಲಿ. ಅವನು ಹೇಳಿದ್ದು, 1969ರಲ್ಲಿ ಪಾಲ್ ಹರ್ಸಿ, ಕೆನ್ ಬ್ಲಾಂಚರ್ಡ್ ಎಂಬ ಅಮೆರಿಕನ್ನರಿಬ್ಬರು ಮುಂದಿಟ್ಟ ವಿಚಾರ: ಆಳು ನೋಡಿ ಆಳ್ವಿಕೆ. ಕೆಲಸ ಬಾರದವನಿಗೆ ಹೇಳು, ಅರೆಬರೆ ಬಲ್ಲವನನ್ನು ಒಪ್ಪಿಸು, ಬಲ್ಲವನು ಹಿಂಜರಿದರೆ ಜೊತೆಗೆ ಕೂರು, ಹುರುಪೂ ಇದ್ದರೆ ವಹಿಸಿ ಸುಮ್ಮನಿರು. ನಾಲ್ಕು ಮನೆಯ ಚಾರ್ಟು. ಖಡೇಬಜಾರಿನಲ್ಲಿ ಅದಕ್ಕೆ ಲ್ಯಾಮಿನೇಶನ್ ಮಾಡಿಸಿ ಮರುದಿನವೇ ಖಾನಾಪುರದ ಬಸ್ಸು ಹತ್ತಿದೆ. (ಆಫೀಸು ಯಾವುದೆಂದು ಕೇಳಬೇಡಿ, ನನ್ನ ಪಿಂಚಣಿ ಇನ್ನೂ ಮಂಜೂರಾಗಬೇಕು.)

ಖಾನಾಪುರದ ಜುಲೈ ಮಳೆ ಗೊತ್ತಲ್ಲ. ಹಂಚಿಗೆ ಹೆಸರಾದ ಊರು, ನಮ್ಮ ಆಫೀಸಿನ ಹಂಚೇ ಸೋರುತ್ತಿತ್ತು. ಹನಿ ಸರಿಯಾಗಿ ಆವಕ-ಜಾವಕ ರಜಿಸ್ಟರಿನ ಮೇಲೆ. ಟಪ್. ನನಗೆ ಒಳಗೊಳಗೇ ಖುಷಿ. ಸನ್ನಿವೇಶ ಸಿಕ್ಕಿತು!

ಚಾರ್ಟು ಗೋಡೆಗೆ ತೂಗುಹಾಕಿದೆ. ಮೂವರು ಸಿಬ್ಬಂದಿಯನ್ನೂ ನಿಲ್ಲಿಸಿದೆ. ಟಪ್. ಹೊಸ ಕ್ಲಾರ್ಕು ಹುಡುಗ ಮೊದಲನೆಯ ಮನೆ. ಅವನಿಗೆ 'ಬಕೀಟು ತಾ' ಎಂದು ಹೇಳಬೇಕು. ಟಪ್. ಹಿರಿಯ ಬಾಯಿಯವರು ಮೂರನೆಯ ಮನೆ. 'ಬಕೀಟು ಎಲ್ಲಿಟ್ಟರೆ ಚೊಲೊ?' ಎಂದು ಅವರ ಅಭಿಪ್ರಾಯ ಕೇಳಬೇಕು. ಕೇಳಿದೆ. ಅವರು ಮೇಲೆ ನೋಡಿದರು, ಕೆಳಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಟಪ್, ಟಪ್. ರಜಿಸ್ಟರಿನಲ್ಲಿ ಏಪ್ರಿಲ್ ತಿಂಗಳು ನೀಲಿಯಾಗಿ ಹರಿದು ಮೇ ತಿಂಗಳನ್ನು ಸೇರಿತು. ಉಳಿದವನು ಅಟೆಂಡರ್ ಮಾಮಾ. ಇವನು ಎರಡನೆಯ ಮನೆಯೋ ನಾಲ್ಕನೆಯದೋ? ಚಾರ್ಟಿನ ಮೇಲೆ ಬೆರಳಿಟ್ಟು ಯೋಚಿಸುತ್ತಿದ್ದೆ. ಹನಿ ಈಗ ನನ್ನ ನೆತ್ತಿಯನ್ನು ಆರಿಸಿಕೊಂಡಿತ್ತು.

"ಸಾಹೇಬ್ರ, ನೀವು ಹೇಳಿದ್ರೂ ನಾ ಹತ್ತಾಂವ, ಹೇಳಲಿಲ್ಲಂದ್ರೂ ಹತ್ತಾಂವ. ಮೊದಲ ನೀವ ಒಂದೀಟು ಬಾಜೂಕ ಸರೀರಿ."

ಸರಿದೆ. ಎರಡು ದಿನದಲ್ಲಿ ಯಾರೂ ಕಲಿಸದ ಶೈಲಿ ಅದು.

ಏಣಿ ಹತ್ತಿ ಒಳಗಿನಿಂದಲೇ ಹಂಚು ಎತ್ತಿದ. ಒಡೆದ ಹಂಚಿಗೆ ಬೆರಳಿನಿಂದ ಬಡಿದು, ದನಿ ಕೇಳಿ, "ಇದು ಹಸಿ ಸುಟ್ಟದ್ದರೀ" ಎಂದ. ಆಗ ತಿಳಿಯಿತು, ಇಲ್ಲಿಯದೇ ಹಂಚಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಭಟ್ಟಿ ಮುಂದೆ ನಿಂತವನು. ಅದು ಮುಚ್ಚಿದ ಮೇಲೆ ನಮ್ಮಲ್ಲಿ ದಿನಗೂಲಿಗೆ ಸೇರಿದವನು. ನಮ್ಮ ಕಡತದಲ್ಲಿ ಅವನ ಬಗ್ಗೆ ಇದ್ದದ್ದು ಒಂದೇ ಸಾಲು: ಏಳನೇ ಇಯತ್ತೆ ನಾಪಾಸು. ಆ ಷರಾದ ಕೆಳಗೆ ವರ್ಷವರ್ಷವೂ ಸಹಿ ಹಾಕಿದವನು ನಾನೇ.

ಬದಲಿ ಹಂಚು ಇರಲಿಲ್ಲ. ಮಾಮಾ ಮೇಲಿನಿಂದಲೇ ಕೈ ಚಾಚಿ, "ಆ ಹಾಳಿ ಕೊಡ್ರಿ ಇಲ್ಲೆ" ಎಂದ. ಲ್ಯಾಮಿನೇಶನ್ ಮಾಡಿಸಿದ್ದು ದಂಡವಾಗಲಿಲ್ಲ. ನಾಲ್ಕೂ ಮನೆ ಈಗ ಒಡೆದ ಹಂಚಿನ ಕೆಳಗಿವೆ. ಆಮೇಲೆ ಅಲ್ಲಿ ಒಂದು ಹನಿಯೂ ಸೋರಿಲ್ಲ.