ಇಲಿಯ ರುಚಿ

ಗುಂಡ್ಲುಪೇಟೆಯ ಸುತ್ತ ಹೊಲದ ತುಂಬ ಚೆಂಡುಹೂ, ಸೂರ್ಯಕಾಂತಿ. ಅಷ್ಟಿದ್ದೂ ನಮ್ಮ ಮನೆಯ ಇಲಿಗೆ ರುಚಿಸಿದ್ದು ಸ್ಟೌವಿನ ಕೇಸರಿ ಬಣ್ಣದ ಪೈಪು!

ವಾಸನೆ ಬಂದದ್ದೇ ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆರೆದು ಬೀದಿಗೆ ಬಂದೆವು. "ಸೈಕಲ್ ಪ್ಯಾಚ್ ಹಾಕ್ಸಿ ಸಾ" ಎಂದರೊಬ್ಬರು. "ಟೇಪ್ ಸುತ್ತಿ" ಎಂದರು ಇನ್ನೊಬ್ಬರು. ಚಾಮರಾಜನಗರದ ಅತ್ತೆ ಫೋನಿನಲ್ಲೇ, "ಸೌದೆ ಒಲೆ ಇದ್ದಾಗ ಇಲಿ ಯಾವತ್ತಾದ್ರೂ ಬೆಂಕಿ ತಿಂದಿತ್ತಾ?" ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ.

ಅಡುಗೆ ಅನಿಲಕ್ಕೆ ಸ್ವಂತ ವಾಸನೆಯೇ ಇಲ್ಲವಂತೆ. ಸೋರಿದ್ದು ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ನಾರುವ ರಾಸಾಯನಿಕ ಬೆರೆಸುತ್ತಾರೆ. ಆ ದುರ್ನಾತವನ್ನೂ ಲೆಕ್ಕಿಸದೆ ಕಚ್ಚಿದ ಇಲಿಯ ಛಲ ಮೆಚ್ಚಬೇಕಾದ್ದೇ! ಪೈಪಿಗೆ ಮಾತ್ರ ಪ್ಯಾಚು, ಟೇಪು ಯಾವುದೂ ಆಗದು, ಹೊಸದೇ ಗತಿ. ನಿಮ್ಮಲ್ಲೂ ಸೋರಿದರೆ ಸ್ವಿಚ್ ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.